ಓದಿದ ದೆವ್ವ, ನೋಡಿದ ದೆವ್ವ

ಎಂಬತ್ತರ ದಶಕದ ಅರಸೀಕೆರೆಯಲ್ಲಿ ಸೆಕೆಂಡ್ ಶೋ ಮುಗಿಸಿ ಬಂದವರಿಗೆ ಮನೆಯಲ್ಲಿ ಕಾದಿರುತ್ತಿದ್ದ ಮೊದಲ ಪ್ರಶ್ನೆ, "ಪುಸ್ತಕದಲ್ಲಿ ಇದ್ದ ಹಂಗೇ ತೆಗ್ದಿದಾರಾ?" ಸಿನಿಮಾ ಚೆನ್ನಾಗಿತ್ತೋ ಇಲ್ಲವೋ ಎಂಬ ವಿಚಾರಣೆ ಆಮೇಲೆ, ಕಾಲು ತೊಳೆದು ತಣ್ಣಗಿನ ಮುದ್ದೆ ಮುಂದೆ ಕೂತಾಗ. ಮೊದಲ ಪ್ರಶ್ನೆಗೆ ಹೌದು ಎಂದವರನ್ನು ನಾನು ನೋಡಿದ್ದು ಬಹಳ ಕಡಿಮೆ. ಇಲ್ಲ ಎಂದು ತಲೆ ಆಡಿಸಿ, ಎಲ್ಲೆಲ್ಲಿ ಕೆಡಿಸಿದ್ದಾರೆ ಎಂದು ಬೆರಳು ಮಡಿಸುತ್ತ ಹೇಳುವುದರಲ್ಲಿ ಒಂದು ಸುಖವಿತ್ತು. ಟಿಕೆಟ್ಟಿನ ದುಡ್ಡು ಅರ್ಧ ಸಿನಿಮಾಕ್ಕೆ, ಅರ್ಧ ಈ ಸುಖಕ್ಕೆ.

ಕನ್ನಡ ಸಿನಿಮಾ ಆಗ ಕಾದಂಬರಿಯ ಅನ್ನ ತಿಂದು ಬೆಳೆಯುತ್ತಿತ್ತು. ತ್ರಿವೇಣಿಯವರ ‘ಬೆಳ್ಳಿಮೋಡ’, ‘ಶರಪಂಜರ’, ಟಿ.ಕೆ. ರಾಮರಾಯರ ‘ಬಂಗಾರದ ಮನುಷ್ಯ’, ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’. ಟಾಕೀಸಿನ ಬೆಂಚಿನ ಮೇಲೆ ಕೂತಿದ್ದ ಹೆಂಗಸರಲ್ಲಿ ಅನೇಕರಿಗೆ ಮುಂದಿನ ದೃಶ್ಯ ಗೊತ್ತಿರುತ್ತಿತ್ತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದರು, ನಾಡಿಗೆ ನಾಡೇ ರಾಮಾಚಾರಿಯನ್ನು ಹೊತ್ತು ಕುಣಿಯಿತು. ಬರೆದವರು ಮಾತ್ರ, ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದರಂತೆ. ಆ ಮಾತು ನಿಜವೋ ಬೆಳೆದದ್ದೋ, ನಮ್ಮ ಮನೆಯ ದೊಡ್ಡಮ್ಮನಿಗೆ ಅದು ವೇದವಾಕ್ಯ. ಬರೆದವರಿಗೇ ಒಪ್ಪಿಗೆಯಾಗದ ಮೇಲೆ ನಾವು ಯಾಕೆ ಒಪ್ಪಬೇಕು ಎಂಬುದು ಅವರ ನಿಲುವು. ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಅದೇ ಪುಟ್ಟಣ್ಣ 1966ರಲ್ಲಿ ಮಲಯಾಳದಲ್ಲಿ ಸಿನಿಮಾ ಮಾಡಿದ್ದರು. "ಸದ್ಯ, ಆ ಒಂದು ಪುಸ್ತಕ ಬಚಾವಾಯ್ತು" ಎಂದು ದೊಡ್ಡಮ್ಮ ಸಮಾಧಾನಪಟ್ಟುಕೊಂಡಿದ್ದರು.

ಪ್ರೀತಿಯ ಕಥೆ, ಸಂಸಾರದ ಕಥೆ ಕೆಟ್ಟರೆ ಹೇಗೋ ಕ್ಷಮಿಸಬಹುದಿತ್ತು. ಹೆದರಿಸುವ ಕಥೆ ಕೆಟ್ಟರೆ ಜನ ಕ್ಷಮಿಸುತ್ತಿರಲಿಲ್ಲ. ‘ತುಳಸಿದಳ’ದ ಮೇಲೆ ಅರಸೀಕೆರೆ, ಬೇಲೂರು, ಹಳೇಬೀಡು, ಈ ನಮ್ಮ ಮೂರೂರಿನ ಓದುಗರು ಇಟ್ಟುಕೊಂಡಿದ್ದ ಮುನಿಸು ಆ ಜಾತಿಯದು.

ಯಂಡಮೂರಿ ವೀರೇಂದ್ರನಾಥ್ ತೆಲುಗಿನಲ್ಲಿ ಬರೆದ ಆ ಕಾದಂಬರಿ ಕನ್ನಡಕ್ಕೆ ಬಂದಾಗ ಅದನ್ನು ತೆಲುಗಿನದು ಎಂದು ಯಾರೂ ಎಣಿಸಲಿಲ್ಲ. ಶ್ರೀಧರ, ಶಾರದಾ, ಅವರ ಪುಟ್ಟ ಮಗಳು ತುಳಸಿ. ಮಗುವಿನ ಹೆಸರಿಗೆ ಸಂಬಂಧಪಟ್ಟ ದೊಡ್ಡ ಆಸ್ತಿ, ಆ ಆಸ್ತಿಯ ಮೇಲೆ ಕಣ್ಣಿಟ್ಟವರು, ಅವರು ಹಿಡಿದ ಮಂತ್ರವಾದಿ ಕಾದ್ರಾ, ಅವನು ಮಗುವಿನ ಮೇಲೆ ಬಿಡುವ ಕಾಷ್ಮೋರ ಎಂಬ ದುಷ್ಟಶಕ್ತಿ. ಮಗುವನ್ನು ಉಳಿಸಲು ಒಂದು ಕಡೆಯಿಂದ ವೈದ್ಯರು, ಸಮ್ಮೋಹನ ಬಲ್ಲವರು ಓಡುತ್ತಾರೆ; ಇನ್ನೊಂದು ಕಡೆಯಿಂದ ಮಂತ್ರ ಬಲ್ಲವರು. ಯಂಡಮೂರಿ ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. ಭಯವನ್ನೂ ಅವರು ಜಮಾ ಖರ್ಚು ನೋಡಿಯೇ ಹಂಚಿದ್ದಾರೆ ಅನ್ನಿಸುತ್ತದೆ: ಈ ಅಧ್ಯಾಯದಲ್ಲಿ ಇಷ್ಟು, ಉಳಿದದ್ದು ಮುಂದಿನದಕ್ಕೆ ಬಾಕಿ. ಒಂದು ಅಧ್ಯಾಯ ಓದಿದವರು ಮುಂದಿನದನ್ನು ಓದದೆ ದೀಪ ಆರಿಸುವಂತಿರಲಿಲ್ಲ, ಓದಿದ ಮೇಲೆ ಆರಿಸಲು ಧೈರ್ಯವಿರುತ್ತಿರಲಿಲ್ಲ.

ನಮಗೆ ಅದು ಸಿಕ್ಕಿದ್ದು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ, ದಿನಕ್ಕೆ ನಾಲ್ಕಾಣೆ ಬಾಡಿಗೆಗೆ. ರಟ್ಟು ಬದಲಾಗಿತ್ತು, ಮೊದಲ ಹಾಳೆಗಳಿಗೆ ಮೈದಾ ಅಂಟು ಹಚ್ಚಿ ಕೂಡಿಸಿದ್ದರು. ಅರ್ಧ ದಾಟಿದ ಮೇಲೆ ಒಂದು ಪುಟದ ಅಂಚಿನಲ್ಲಿ ಹಿಂದೆ ಓದಿದ ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ, "ಇಲ್ಲಿಗೆ ನಿಲ್ಲಿಸಿ, ಉಳಿದದ್ದು ಬೆಳಿಗ್ಗೆ ಓದಿ" ಎಂದು ಬರೆದಿದ್ದರು. ಕೆಳಗೆ ಬೇರೆ ಕೈಬರಹದಲ್ಲಿ, "ನಿಲ್ಲಿಸಲು ಆಗಲಿಲ್ಲ."

ಓದುವ ಮನೆಯ ವಿಷಯವನ್ನೂ ಹೇಳಬೇಕು. ಅರಸೀಕೆರೆ, ತಿಪಟೂರಿನ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡಲು ತೆಂಗಿನಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹರವಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ಇಂಗುತ್ತ ಬಂದು, ಕೊಬ್ಬರಿ ಕರಟದಿಂದ ಬಿಟ್ಟುಕೊಳ್ಳುತ್ತದೆ. ಆಗ ಕಾಯಿ ಅಲುಗಿದರೆ ಒಳಗಡೆ ಗಡಗಡ ಸದ್ದು. ವ್ಯಾಪಾರದವರ ಕಿವಿಗೆ ಅದು ಲಕ್ಷ್ಮಿಯ ಗೆಜ್ಜೆ. ಆದರೆ ಕರೆಂಟು ಹೋದ ರಾತ್ರಿ, ಲಾಟೀನಿನ ಬೆಳಕಲ್ಲಿ ಕಾದ್ರಾನ ಅಧ್ಯಾಯ ಓದುತ್ತಿರುವಾಗ, ತಲೆಯ ಮೇಲಿನ ಅಟ್ಟದಲ್ಲಿ ಒಂದು ಇಲಿ ಆ ರಾಶಿಯ ಮೇಲೆ ಓಡಿದರೆ ಸಾಕು. ಒಂದು ಕಾಯಿ ಉರುಳಿ, ಅದು ಇನ್ನೊಂದನ್ನು ತಳ್ಳಿ, ಇಡೀ ಅಟ್ಟ ಹಲ್ಲು ಕಡಿದ ಹಾಗೆ ಕೇಳುತ್ತಿತ್ತು. ಅದೇ ಹೊತ್ತಿಗೆ ಜಂಕ್ಷನ್ನಿನಲ್ಲಿ ಶಂಟಿಂಗ್ ಮಾಡುವ ಇಂಜಿನ್ನು ಕೂಗಬೇಕೆ! ಹುಬ್ಬಳ್ಳಿಯ ಕಡೆ ಹೋಗುವುದೋ, ಹಾಸನದ ಕಡೆ ತಿರುಗುವುದೋ, ನಮಗಂತೂ ಅದು ಕಾಷ್ಮೋರನನ್ನೇ ಕರೆತರುವ ಗಾಡಿ. ಮಧ್ಯಾಹ್ನ ಅದೇ ಪುಟಗಳನ್ನು ತಿರುವಿದರೆ, ಇಷ್ಟಕ್ಕಾ ಹೆದರಿದ್ದು ಎಂದು ನಗು ಬರುತ್ತಿತ್ತು. ರಾತ್ರಿಗೆ ಮತ್ತೆ ಅದೇ ಕಥೆ.

ಹೀಗೆ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಕತ್ತಲೆಯನ್ನು ಹಾಕಿ ಒಂದೊಂದು ‘ತುಳಸಿದಳ’ ಕಟ್ಟಿಕೊಂಡಿದ್ದರು. ದೊಡ್ಡಮ್ಮನ ಕಾದ್ರಾ ಅಟ್ಟದ ಎತ್ತರದವನು, ಮೈಯೆಲ್ಲ ಸುಟ್ಟ ಕರಟದ ಬಣ್ಣ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಚಿಕ್ಕಪ್ಪನ ಕಾದ್ರಾ ಸಣಕಲ, ಗಟ್ಟಿಯಾಗಿ ಮಾತಾಡದವನು, ಕಣ್ಣು ಮಿಟುಕಿಸದವನು. ಇಬ್ಬರೂ ತಮ್ಮವನನ್ನೇ ನಿಜವಾದ ಕಾದ್ರಾ ಎಂದು ಸಾಧಿಸುತ್ತಿದ್ದರು.

1985ರಲ್ಲಿ ವೇಮಗಲ್ ಜಗನ್ನಾಥ ರಾವ್ ನಿರ್ದೇಶನದಲ್ಲಿ ಸಿನಿಮಾ ಬಂತು. ಶರತ್ ಬಾಬು, ಆರತಿ. ಬೆಂಗಳೂರಿನಲ್ಲಿ ಬಿಡುಗಡೆಯಾದ ಪ್ರಿಂಟು ಜಿಲ್ಲಾ ಕೇಂದ್ರ ಮುಗಿಸಿ, ತಾಲ್ಲೂಕು ಮುಗಿಸಿ, ಕೊನೆಗೆ ಟೆಂಟುಗಳಿಗೆ ಇಳಿಯುತ್ತಿದ್ದ ಕಾಲ ಅದು. ಪ್ರತಿ ಊರಿನಲ್ಲೂ ರೀಲಿಗೆ ಗೀರು ಬೀಳುತ್ತಿತ್ತು, ಅಲ್ಲಲ್ಲಿ ಕಡಿಯುತ್ತಿತ್ತು, ಆಪರೇಟರು ಕಡಿದಷ್ಟನ್ನು ಬಿಟ್ಟು ಅಂಟಿಸುತ್ತಿದ್ದ. ಡಬ್ಬ ನಮ್ಮೂರಿಗೆ ಬರುವ ಹೊತ್ತಿಗೇ ಸಿನಿಮಾ ಒಂದಿಷ್ಟು ಸವೆದಿತ್ತು.

ದೊಡ್ಡಮ್ಮ ಇಂಟರ್‌ವಲ್‌ನಲ್ಲೇ ತೀರ್ಪು ಕೊಟ್ಟರು. "ಇವನೇನೋ ಕಾದ್ರಾ! ಸಂತೇಲಿ ಬೇರು ನಾರು ಮಾರೋನ ಹಂಗಿದಾನೆ." ಪಕ್ಕದ ಬೆಂಚಿನ ಹೆಂಗಸು ತಿರುಗಿ, "ಹೂಂ ಕಣಕ್ಕಾ, ನನಗೂ ಹಂಗೇ ಅನ್ನಿಸ್ತು, ಪುಸ್ತಕದಲ್ಲಿ ಅವನ ಹೆಸರು ಬಂದ್ರೇ ಎದೆ ಝಲ್ ಅಂತಿತ್ತು" ಎಂದಳು. ಅಲ್ಲಿಂದ ಮಾತು ಹೊತ್ತಿಕೊಂಡಿತು. ಕಾಲೇಜು ಹುಡುಗಿಯರಿಗೆ ಆರತಿಯವರಲ್ಲಿ ಶಾರದಾ ಕಾಣಲಿಲ್ಲ. ಪುಟ್ಟಣ್ಣನ ಸಿನಿಮಾಗಳಲ್ಲಿ ಅಷ್ಟು ಸಲ ನೋಡಿದ ಮುಖ, ಎಲ್ಲಿ ತಿರುಗಿದರೂ ರಂಗನಾಯಕಿಯೇ ಕಾಣುತ್ತಾಳೆ ಎಂದರು. ಅದು ಆರತಿಯವರ ದೋಷ ಅಲ್ಲವೇ ಅಲ್ಲ. ಗುರುತಿನ ಮುಖ ಜೊತೆಗಿದ್ದರೆ ಕತ್ತಲೆಯಲ್ಲಿ ಯಾರಿಗೂ ಭಯವಾಗುವುದಿಲ್ಲ, ಹೆದರಿಸುವ ಸಿನಿಮಾಕ್ಕೆ ತಾರೆಯರು ಹೊರೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಚಿಕ್ಕಪ್ಪನ ದೂರು ಬೇರೆ: ವೈದ್ಯರ ವಾದಕ್ಕೆ ಕೊಡಬೇಕಾದಷ್ಟು ಜಾಗ ಕೊಟ್ಟಿಲ್ಲ, ಎಲ್ಲ ಮಂತ್ರಕ್ಕೇ ಹೋಗಿದೆ. "ಪುಸ್ತಕ ತಕ್ಕಡಿ ಹಿಡಿದಂಗೆ ಇತ್ತು. ಇವರು ಒಂದು ತಟ್ಟೆ ಮೇಲೆ ಕೂತ್ಬಿಟ್ರು." ಮಂಡಿಯವರ ಮಾತಿಗೆ ತಕ್ಕಡಿ ಬರಲೇಬೇಕು.

ಓದದೆ ಬಂದವರು ಮಾತ್ರ ಚೆನ್ನಾಗಿ ಹೆದರಿದ್ದರು. ಸ್ಟೇಷನ್ನಿನ ಪಾಯಿಂಟ್ಸ್‌ಮನ್ ಒಬ್ಬರು ಹಳಿ ದಾಟಿ ಕ್ವಾರ್ಟರ್ಸಿಗೆ ಹೋಗಲು ಜೊತೆ ಹುಡುಕುತ್ತ ಗೇಟಿನ ಹತ್ತಿರವೇ ನಿಂತಿದ್ದರು. ದೊಡ್ಡಮ್ಮ ಅವರನ್ನು ನೋಡಿದ ನೋಟದಲ್ಲಿ ಸ್ವಲ್ಪ ಕನಿಕರವಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಪ್ರಿಂಟು ಆಮೇಲೆ ಬೇಲೂರಿಗೆ ಹೋಯಿತು. ಅಲ್ಲಿ ನಮ್ಮ ಸೋದರತ್ತೆಯ ಮನೆ, ಮಾವ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಬೇಲೂರಿನವರ ಕೈಗೆ ಸಿಕ್ಕ ಸಿನಿಮಾ ಬದುಕಿ ಬರುವುದು ಕಷ್ಟ. ಜಕಣಾಚಾರಿ ಕೆತ್ತಿದ ಮೂರ್ತಿಯಲ್ಲೇ ದೋಷವಿದೆ ಎಂದು ಮಗ ಡಂಕಣ ಹೇಳಿದ್ದು, ಪರೀಕ್ಷೆ ಮಾಡಿದಾಗ ಹೊಕ್ಕುಳಿನ ಜಾಗದಲ್ಲಿ ಕಪ್ಪೆ ಸಿಕ್ಕಿದ್ದು, ಅಪ್ಪ ತನ್ನ ಬಲಗೈಯನ್ನೇ ಕಡಿದುಕೊಂಡಿದ್ದು, ಕಪ್ಪೆ ಚೆನ್ನಿಗರಾಯನ ಗುಡಿ ತೋರಿಸುತ್ತ ಆ ಊರಿನ ಮಕ್ಕಳೂ ಹೇಳುವ ಕಥೆ. ಚರಿತ್ರೆ ಒಪ್ಪುತ್ತದೋ ಇಲ್ಲವೋ, ತಪ್ಪು ಹುಡುಕುವುದು ಬೇಲೂರಿನವರಿಗೆ ಡಂಕಣ ಬಿಟ್ಟುಹೋದ ಪಿತ್ರಾರ್ಜಿತ. 1964ರಲ್ಲಿ ಬಿ.ಎಸ್. ರಂಗಾ ‘ಅಮರಶಿಲ್ಪಿ ಜಕಣಾಚಾರಿ’ ತೆಗೆದರು, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಬಣ್ಣ ಚೆನ್ನಾಗಿದೆ, ಕಲ್ಲು ನಮ್ಮಲ್ಲೇ ಚೆನ್ನಾಗಿದೆ ಎಂದು ಹೇಳಿ ಎದ್ದು ಬಂದ ಊರು ಅದು ಎಂದು ಮಾವ ಹೆಮ್ಮೆಯಿಂದ ಹೇಳುತ್ತಿದ್ದರು.

ಮಾವನ ವಿಮರ್ಶೆ ಪಾಠದ ಧಾಟಿಯಲ್ಲೇ ಇತ್ತು. "ಪುಸ್ತಕದಲ್ಲಿ ಭಯ ಎಲ್ಲಿತ್ತು ಹೇಳು? ಕಾಯೋದ್ರಲ್ಲಿತ್ತು. ಏನೋ ಆಗುತ್ತೆ, ಏನೋ ಆಗುತ್ತೆ ಅಂತ ಹತ್ತು ಪುಟ ಕಾಯ್ತಿದ್ವಿ. ಇವ್ರು ಕಾಯ್ಸೋದೇ ಇಲ್ಲ. ಆಗೋದನ್ನ ತಂದು ಮೂಗಿನ ಮುಂದೆ ಇಟ್ಬಿಡ್ತಾರೆ. ಮುಂದೆ ಇಟ್ಟ ಮೇಲೆ ಅದು ದೆವ್ವ ಹೇಗಾಗುತ್ತೆ, ಸಾಮಾನು ಆಗುತ್ತೆ." ಸೋದರತ್ತೆ ಒಗ್ಗರಣೆ ಹಾಕುತ್ತ, "ಆ ಮಗು ಮುದ್ದಾಗಿತ್ತು ಬಿಡಿ" ಎಂದರು. ಅವರ ಮನೆಯಲ್ಲಿ ಸಿನಿಮಾದ ಪರವಾಗಿ ಬಂದ ಒಂದೇ ಮಾತು ಅದು.

ಬೇಲೂರಿನಿಂದ ಹಳೇಬೀಡಿಗೆ ಹದಿನಾರು ಕಿಲೋಮೀಟರು. ಅಲ್ಲಿನ ಟೆಂಟಿಗೆ ಡಬ್ಬ ತಲುಪಿದಾಗ ಬಹಳ ದಿನವಾಗಿತ್ತು, ರೀಲು ಅಂಟಿಸಿದ ಜಾಗಗಳು ಲೆಕ್ಕಕ್ಕೆ ಸಿಗದಷ್ಟಾಗಿದ್ದವು. ಮಂತ್ರವಾದಿ ಒಂದು ಕಡೆ ನಿಂತಿದ್ದವನು ಥಟ್ಟನೆ ಇನ್ನೊಂದು ಕಡೆ ಇರುತ್ತಿದ್ದ. ಮಾತಾಡುತ್ತಿದ್ದವರು ಮಾತಿನ ನಡುವೆಯೇ ಮಾಯವಾಗುತ್ತಿದ್ದರು. ನೆಲದ ಮೇಲೆ ಚಾಪೆ ಹಾಸಿ ಕೂತ ಜನಕ್ಕೆ, ಹಿಂದೆ ಕೆರೆ ಕಡೆಯಿಂದ ಬರುವ ತಣ್ಣನೆ ಗಾಳಿಯಲ್ಲಿ, ಇದೆಲ್ಲ ಕಾಷ್ಮೋರನ ಕೆಲಸವಾಗಿಯೇ ಕಂಡಿತು. ಹಳೇಬೀಡಿನಲ್ಲಿದ್ದ ನಮ್ಮ ದೊಡ್ಡಪ್ಪನ ಮಗ ಹೊಯ್ಸಳೇಶ್ವರನ ಗುಡಿಯ ಹತ್ತಿರ ಪ್ರವಾಸಿಗರಿಗೆ ಗೈಡ್ ಆಗಿದ್ದ. ಪುಸ್ತಕವನ್ನು ಎರಡೆರಡು ಸಲ ಓದಿದವನು. ಅವನ ಅಭಿಪ್ರಾಯದಲ್ಲಿ ಸಿನಿಮಾ ಪುಸ್ತಕಕ್ಕಿಂತ ಒಂದು ತೂಕ ಮೇಲು. ಮೂರು ಊರಿನಲ್ಲಿ ಅದನ್ನು ಮೆಚ್ಚಿದ ಓದುಗ ಅವನೊಬ್ಬ.

ಮುಂದೆ ಎಷ್ಟೋ ವರ್ಷ, ಮದುವೆ ಮನೆಯಲ್ಲಿ ಮೂರೂರಿನವರು ಸೇರಿದಾಗ ಇದೇ ಜಗಳ. ಪಂಕ್ತಿಯಲ್ಲಿ ಪಾಯಸ ಬರುವ ಹೊತ್ತಿಗೆ ಯಾರಾದರೂ ಒಬ್ಬರು ಎತ್ತುತ್ತಿದ್ದರು. ಹಳೇಬೀಡಿನವನು ತಾನು ಕಂಡ ಒಂದು ಅದ್ಭುತವನ್ನು ವರ್ಣಿಸುವನು, ಅಂಥದ್ದು ಸಿನಿಮಾದಲ್ಲಿ ಇರಲೇ ಇಲ್ಲ ಎಂದು ಅರಸೀಕೆರೆಯವರು ಪ್ರಮಾಣ ಮಾಡುವರು, ಮಾವ ನಡುವೆ ಬಂದು ಮೂಲ ಕಾದಂಬರಿಯ ಸಾಕ್ಷಿ ಹೇಳುವರು. ಮೂರು ಊರಿನವರು ನೋಡಿದ್ದೂ ಮೂರು ಪ್ರಿಂಟಾಗಿ ಬದಲಾಗಿದ್ದ ಒಂದೇ ಪ್ರಿಂಟು ಎಂದು ಹೇಳಿ ಜಗಳ ಮುಗಿಸಬಹುದಿತ್ತು. ಮುಗಿಯುವುದು ಯಾರಿಗೂ ಬೇಕಿರಲಿಲ್ಲ.

ಹಳೇಬೀಡಿನವರು ಬೇಗ ಹೆದರುತ್ತಾರೆ ಎಂದು ಬೇಲೂರಿನವರು ಹಾಸ್ಯ ಮಾಡುತ್ತಿದ್ದರು. ನನಗೆ ಅದು ಒಪ್ಪಿಗೆಯಿಲ್ಲ. ಅವರ ಊರಿನ ಕಥೆಯೇ ಯಾವ ಯಂಡಮೂರಿಗೂ ಕಡಿಮೆಯಿಲ್ಲ. ಬಲ್ಲಾಳರಾಯನ ತಂಗಿಯ ಇಬ್ಬರು ಮಕ್ಕಳು ಸೋದರಮಾವನ ಅರಮನೆಗೆ ಬಂದಿದ್ದರಂತೆ. ರಾಣಿಯೊಬ್ಬಳು ಅವರ ಮೇಲೆ ಮನಸ್ಸು ಮಾಡಿ, ಅವರು ಒಲ್ಲೆ ಎಂದಾಗ ತಪ್ಪನ್ನು ಅವರ ಮೇಲೆಯೇ ಹೊರಿಸಿದಳಂತೆ. ರಾಜ ಹುಡುಗರನ್ನು ಕೊಲ್ಲಿಸಿದ. ಮಕ್ಕಳನ್ನು ಕಳೆದುಕೊಂಡ ತಾಯಿ ಬಾಯಾರಿ ಬೀದಿ ಬೀದಿ ಅಲೆದರೂ ರಾಜನಿಗೆ ಹೆದರಿ ಯಾರೂ ನೀರು ಕೊಡಲಿಲ್ಲ. ಕೊಟ್ಟದ್ದು ಕುಂಬಾರರ ಬೀದಿಯವರು. ಈ ರಾಜ್ಯ ಹಾಳಾಗಲಿ, ಕುಂಬಾರರ ಬೀದಿ ಉಳಿಯಲಿ ಎಂದು ಅವಳು ಶಪಿಸಿದಳು. 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ದ್ವಾರಸಮುದ್ರಕ್ಕೆ ಬಂದದ್ದು ಚರಿತ್ರೆ. ಬರುವುದಕ್ಕೆ ಕಾರಣ ಈ ಶಾಪ ಎಂಬುದು ಅಜ್ಜಿಯರ ಮಾತು. ಶಿಖರವಿಲ್ಲದ ಗುಡಿ, ಹೊಲದಲ್ಲಿ ನೇಗಿಲಿಗೆ ತಾಗುವ ಕೆತ್ತಿದ ಕಲ್ಲು, ಇದರ ನಡುವೆ ಮಲಗಿ ಎದ್ದು ಬೆಳೆದವರಿಗೆ ಶಾಪ ಎಂಬುದು ಪುಸ್ತಕದ ಸರಕಲ್ಲ. ಟೆಂಟಿನ ಹರಕು ಪರದೆಯಲ್ಲಿ ರೀಲು ಎಗರಿದರೂ ಅವರ ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತಿತ್ತು.

ತುಂಬಿಕೊಳ್ಳಲು ಜಾಗ ಬಿಟ್ಟ ಸಿನಿಮಾಗಳು ಓದಿದವರನ್ನೂ ಗೆದ್ದದ್ದುಂಟು. ಅದೇ ಯಂಡಮೂರಿಯವರ ಇನ್ನೊಂದು ಕಾದಂಬರಿಯನ್ನು ಸುನಿಲ್ ಕುಮಾರ್ ದೇಸಾಯಿ 1995ರಲ್ಲಿ ‘ಬೆಳದಿಂಗಳ ಬಾಲೆ’ ಮಾಡಿದರು. ಚದುರಂಗದ ಆಟಗಾರನಾಗಿ ಅನಂತನಾಗ್, ನಾಯಕಿ ಬಹುಪಾಲು ಫೋನಿನಲ್ಲಿ ಬರುವ ದನಿ. ದೊಡ್ಡಮ್ಮ ಕೊರತೆ ಹುಡುಕಲು ಹೋಗಿ ಸೋತು ಬಂದರು. ಅವರ ಮನಸ್ಸಿನಲ್ಲಿದ್ದ ಹುಡುಗಿಯ ಮುಖವನ್ನು ಸಿನಿಮಾ ಅಳಿಸಿರಲಿಲ್ಲ. ಅನಂತನಾಗ್ ಅವರನ್ನೇ ಆತ್ಮ ಹೊಕ್ಕು ಆಡಿಸುವ ‘ನಾ ನಿನ್ನ ಬಿಡಲಾರೆ’ 1979ರಲ್ಲಿ ಬಂದಾಗ ನಮ್ಮೂರು ಊರೇ ಬಾಗಿಲು ಭದ್ರ ಮಾಡಿಕೊಂಡು ಮಲಗಿತ್ತು. ಹೋಲಿಸಿ ನೋಡಲು ಆಗ ನಮ್ಮ ಕೈಯಲ್ಲಿ ಪುಸ್ತಕವಿರಲಿಲ್ಲ. ‘ತುಳಸಿದಳ’ದ ದುರದೃಷ್ಟವೆಂದರೆ ಅದಕ್ಕಿಂತ ಮೊದಲೇ ಅರಸೀಕೆರೆಯ ಮನೆಮನೆಯಲ್ಲಿ ಒಂದೊಂದು ‘ತುಳಸಿದಳ’ ಓಡಿ, ನೂರು ದಿನ ಮುಗಿಸಿತ್ತು. ಕಾಸು ಖರ್ಚಿಲ್ಲದೆ, ಎಣ್ಣೆ ದೀಪದಲ್ಲಿ ತೆಗೆದ ಆ ಸಿನಿಮಾಗಳ ಜೊತೆ ಯಾವ ನಿರ್ಮಾಪಕ ಪೈಪೋಟಿ ಮಾಡಿಯಾನು?

ಸರ್ಕ್ಯುಲೇಟಿಂಗ್ ಲೈಬ್ರರಿಯವರು ಮೊದಲು ಅರ್ಧ ಅಂಗಡಿಯಲ್ಲಿ ಕ್ಯಾಸೆಟ್ ಇಟ್ಟರು. ಆಮೇಲೆ ಪೂರ್ತಿ ಅಂಗಡಿಯಲ್ಲಿ ಮೊಬೈಲ್ ರೀಚಾರ್ಜ್ ಬಂತು. ಪುಸ್ತಕಗಳು ತೂಕಕ್ಕೆ ಹೋದವು. ಪೆನ್ಸಿಲಿನಲ್ಲಿ ಎಚ್ಚರಿಕೆ ಬರೆದಿದ್ದ ಆ ಪ್ರತಿಯೂ ಹಾಗೆಯೇ ಹೋಗಿರಬೇಕು. ಧಾರಾವಾಹಿಯ ಮುಂದಿನ ಕಂತಿಗಾಗಿ ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯ ಮುಂದೆ ಕಾಯುವವರು ಇಲ್ಲವಾದರು, ಕಾಯುವುದು ಟಿ.ವಿ.ಯ ಧಾರಾವಾಹಿಗೆ ಹೋಯಿತು. ನಾವು ‘ತುಳಸಿದಳ’ ನೋಡಿದ ಟಾಕೀಸಿನಲ್ಲಿ ಈಗ ಪರದೆಯಿಲ್ಲ. ಹಳೇಬೀಡಿನ ಟೆಂಟಿನ ಬಯಲಲ್ಲಿ ಕಾರುಗಳು ನಿಲ್ಲುತ್ತವೆ. 2023ರಲ್ಲಿ ಹೊಯ್ಸಳರ ಗುಡಿಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಬರುವವರು ಹೆಚ್ಚಿದ್ದಾರೆ, ಅದು ಸಂತೋಷದ ಸಂಗತಿಯೇ. ಅಟ್ಟಗಳೂ ಕಡಿಮೆಯಾದವು. ಆರ್‌ಸಿಸಿ ಮನೆಗೆ ಅಟ್ಟ ಎಲ್ಲಿಯದು, ಕಾಯಿ ಈಗ ತೋಟದ ಶೆಡ್ಡಿನಲ್ಲಿ ಒಣಗುತ್ತದೆ. ಇಲಿ ಅಲ್ಲಿಯೂ ಓಡುತ್ತಿರಬಹುದು, ಕೇಳಿ ಹೆದರಲು ಕೆಳಗೆ ಯಾರೂ ಮಲಗಿಲ್ಲ.

2008ರಲ್ಲಿ ರಾಮ್‌ಗೋಪಾಲ್ ವರ್ಮಾ ‘ಫೂಂಕ್’ ತೆಗೆದಾಗ, ನಮ್ಮ ಸುದೀಪ್ ಹಿಂದಿಯಲ್ಲಿ ಮಾಡಿದ್ದಾರೆ ಎಂಬ ಅಭಿಮಾನಕ್ಕೆ ಅಕ್ಕನ ಮಗ ಓಡಿಹೋಗಿ ನೋಡಿ ಬಂದ. ಅದರಲ್ಲೂ ಒಂದು ಹೆಣ್ಣುಮಗುವಿಗೆ ಮಾಟ, ನಂಬದ ತಂದೆ, ಕೈಚೆಲ್ಲುವ ವೈದ್ಯರು. ಹೇಗಿತ್ತೋ ಎಂದು ಆಸೆಯಿಂದ ಕೇಳಿದೆ. "ಪರ್ವಾಗಿಲ್ಲ ಮಾಮ, ಎರಡು ಕಡೆ ಬೆಚ್ಚಿಬಿದ್ದೆ" ಎಂದ. ಅಷ್ಟೇ. ಬೆಚ್ಚಿಬೀಳುವುದಕ್ಕೆ ಸದ್ದು ಸಾಕು. ನಿರಾಸೆಪಡುವುದಕ್ಕೆ ಮೊದಲೇ ಏನೋ ಒಂದನ್ನು ಕಟ್ಟಿಕೊಂಡು ಹೋಗಿರಬೇಕು, ಅವನ ಹತ್ತಿರ ಅದಿರಲಿಲ್ಲ. ಸಿನಿಮಾ ಕೊಟ್ಟಷ್ಟನ್ನು ತೆಗೆದುಕೊಂಡು ಬಂದಿದ್ದ, ಜಗಳಕ್ಕೆ ಬೇಕಾದ ಬಂಡವಾಳವೇ ಇರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹುಡುಗ ಬೇರೆ ವಿಷಯಗಳಲ್ಲಿ ನಮಗಿಂತ ಜಾಣ. ಆದರೂ ಕೆಟ್ಟ ಸಿನಿಮಾವೊಂದನ್ನು ಮೂವತ್ತು ವರ್ಷ ಬೈಯುತ್ತ ಬದುಕುವ ಸೌಭಾಗ್ಯ ಅವನಿಗೆ ಸಿಗಲಿಲ್ಲವಲ್ಲ ಎಂದು ಅನ್ನಿಸುತ್ತದೆ.

ನಮ್ಮ ಮನೆಯಲ್ಲಿ ಕೊನೆಯವರೆಗೂ ತೀರದೆ ಉಳಿದ ವಾದ ಸಿನಿಮಾದ್ದೂ ಅಲ್ಲ, ಕಾದಂಬರಿಯದು. ತುಳಸಿ ಉಳಿದದ್ದು ಮಂತ್ರದಿಂದಲೋ ಮದ್ದಿನಿಂದಲೋ? ಯಂಡಮೂರಿ ಎರಡಕ್ಕೂ ದಾರಿ ಬಿಟ್ಟಿದ್ದಾರೆ. ದೊಡ್ಡಮ್ಮ ಮಂತ್ರದ ಪಕ್ಷ, ಸೋದರತ್ತೆಯೂ ಅವರ ಹಿಂದೆ. ಚಿಕ್ಕಪ್ಪ, ಮಾವ, ನಾನು ಮದ್ದಿನ ಪಕ್ಷ. ಸಿನಿಮಾ ಮಂತ್ರದ ಕಡೆ ವಾಲಿತು ಎಂದು ಚಿಕ್ಕಪ್ಪ ಬೈದರೂ, ದೊಡ್ಡಮ್ಮ ಅದನ್ನು ತಮ್ಮ ಗೆಲುವಿಗೆ ಸಾಕ್ಷಿಯಾಗಿ ಒಮ್ಮೆಯೂ ಹಿಡಿಯಲಿಲ್ಲ. ಅಂಥ ಸಿನಿಮಾದ ಸಾಕ್ಷಿ ನನಗೆ ಬೇಡ ಎನ್ನುವಷ್ಟು ಸ್ವಾಭಿಮಾನ ಅವರಿಗಿತ್ತು. ಈಗ ಅವರಿಲ್ಲ, ಸೋದರತ್ತೆಯೂ ಇಲ್ಲ. ಉಳಿದಿರುವವರೆಲ್ಲ ಮದ್ದಿನ ಪಕ್ಷದವರೇ. ಹೋದ ದೀಪಾವಳಿಯಲ್ಲಿ ಚಿಕ್ಕಪ್ಪ ಒಬ್ಬರೇ ಕೂತು, ಮಂತ್ರದ ಕಡೆಯಿಂದ ಏನೇನು ಹೇಳಬಹುದು ಎಂದು ನನಗೆ ಒಂದೊಂದಾಗಿ ಒಪ್ಪಿಸಿದರು, ದೊಡ್ಡಮ್ಮನ ದನಿಯಲ್ಲೇ. ನಾನು ಎದುರು ವಾದಿಸಿದೆ. ಅವರೇ ಗೆದ್ದರು.